ಹನ್ನೆರಡನೇ ಪುಟ

ಯುದ್ಧ ಶುರುವಾದ ಮೂರನೇ ವಾರಕ್ಕೆ ನಮ್ಮ ಪ್ರಚಾರ ಇಲಾಖೆಯಿಂದ ‘ನಾವೇಕೆ ಹೋರಾಡುತ್ತಿದ್ದೇವೆ’ ಎಂಬ ಪುಸ್ತಿಕೆ ಹೊರಬಂತು. ಬರೆದವನು ನಾನು. ಅದಕ್ಕೆ ಮುಂಚಿನ ನನ್ನ ದೊಡ್ಡ ಕೃತಿ ಎಂದರೆ ಸೊಳ್ಳೆ ನಿರ್ಮೂಲನೆಯ ಕರಪತ್ರ. ಹಾಗಾಗಿ ಶತ್ರುವನ್ನು ಬಣ್ಣಿಸುವಾಗ ಹಳೆಯ ವಾಕ್ಯಗಳೇ ಕೈಗೆ ಬಂದವು: ಕೊಳಕಿನಲ್ಲಿ ಹುಟ್ಟುತ್ತಾನೆ, ಕತ್ತಲಲ್ಲಿ ಬರುತ್ತಾನೆ. ಯಾರಿಗೂ ಗೊತ್ತಾಗಲಿಲ್ಲ.

ಹನ್ನೆರಡನೇ ಪುಟದ ಮೇಲೆ ನನಗೆ ವಿಶೇಷ ಪ್ರೀತಿ. ಗಡಿಯ ಹೊಳೆಯ ಮೇಲಿನ ನಮ್ಮ ಸೇತುವೆಯನ್ನು ಶತ್ರುಗಳು ಸ್ಫೋಟಿಸಿದ್ದರಿಂದಲೇ ನಾವು ಯುದ್ಧಕ್ಕಿಳಿದೆವು ಎನ್ನುವ ಪುಟ. ಬರೆಯುತ್ತಾ ನನಗೇ ಕಣ್ಣು ತುಂಬಿತ್ತು. ಸೇತುವೆಯನ್ನು ನಾನು ನೋಡಿರಲಿಲ್ಲ, ಅದು ಬೇರೆ ಮಾತು.

ಅಷ್ಟರಲ್ಲಿ ಭಾವ ಊರಿಗೆ ಬಂದರು. ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದರು. ತೊಡೆಗೆ ಬಾಂಬಿನ ಚೂರು ಹೊಕ್ಕು ಒಂದು ತಿಂಗಳ ರಜೆ ಸಿಕ್ಕಿತ್ತು. ನೋಡಲು ಹೋದವನು ಹಣ್ಣಿನ ಜೊತೆ ಪುಸ್ತಿಕೆಯನ್ನೂ ಒಯ್ದೆ. ಹೊಗಳಿಸಿಕೊಳ್ಳುವ ಚಟ, ಏನು ಮಾಡಲಿ. ಶಾಲೆಯಲ್ಲಿ ಭಾಷೆ ಕಲಿಸುವ ಅಕ್ಕ, ಬೆನ್ನಿಗೆ ದಿಂಬು ಕೊಟ್ಟು ಅವರನ್ನು ಕೂರಿಸಿದಳು.

ಭಾವ ಹನ್ನೆರಡನೇ ಪುಟವನ್ನು ಎರಡು ಸಲ ಓದಿದರು. ಆಮೇಲೆ ನಗತೊಡಗಿದರು. ಹೊಲಿಗೆ ಎಳೆದು ನೋವಾಗಿ ತೊಡೆ ಹಿಡಿದುಕೊಂಡರೂ ನಗು ನಿಲ್ಲಲಿಲ್ಲ.

“ಯಾಕೆ ಭಾವ, ತಪ್ಪೇನಾದ್ರೂ ಇದೆಯಾ?”

“ಚೆನ್ನಾಗೇ ಬರ್ದಿದ್ದೀಯ. ಆದ್ರೆ ಆ ಸೇತುವೆಗೆ ಮದ್ದು ಹೋಗಿದ್ದು ನನ್ನ ಲಾರೀಲೇ ಕಣೋ. ಇಳಿಸಿದ್ದೂ ನಾವೇ, ಬತ್ತಿ ಹಚ್ಚಿದ್ದೂ ನಾವೇ.”

ಅಕ್ಕ ನನ್ನನ್ನೇ ನೋಡುತ್ತಿದ್ದಳು. “ಇದನ್ನ ನಿನ್ನೆ ಮಕ್ಕಳ ಕೈಲಿ ಬಾಯಿಪಾಠ ಮಾಡಿಸಿದೆ” ಅಂದಳು, ಅಷ್ಟೇ.

ಮರುದಿನ, ಕೆಲಸ ಹೋದರೂ ಹೋಗಲಿ ಎಂದು ನಿರ್ದೇಶಕರ ಕೋಣೆಗೆ ಹೊರಟೆ. ಬಾಗಿಲು ದಾಟುವಷ್ಟರಲ್ಲಿ ಅದು ‘ಬಡ್ತಿ ತಡವಾದರೂ ಆಗಲಿ’ ಎನ್ನುವಷ್ಟಕ್ಕೆ ಇಳಿದಿತ್ತು.

“ಸರ್, ಸೇತುವೆ ಒಡೆದಿದ್ದು ನಾವೇ ಅಂತೆ.”

ಅವರು ಫೈಲಿನಿಂದ ತಲೆ ಎತ್ತಲಿಲ್ಲ. “ಗೊತ್ತು. ಹೊರದೇಶದ ಪತ್ರಿಕೆಯಲ್ಲಿ ಫೋಟೋ ಬಂದಿದೆ. ಎರಡನೇ ಮುದ್ರಣಕ್ಕೆ ತಿದ್ದಿಬಿಡಿ.”

“ನಿಜ ಬರೀಲಾ ಸರ್?”

“ನಿಜಾನೇ ಬರೀರಿ. ನಾವೇ ಒಡೆದ್ವಿ, ಯಾಕೆ ಒಡೀಬೇಕಾಯ್ತು ಅಂತ. ಆ ಕಣ್ಣೀರಿನ ಭಾಗ ಹಾಗೇ ಇರಲಿ, ಚೆನ್ನಾಗಿದೆ.”

ಆಗಲ್ಲ ಅನ್ನಬಹುದಿತ್ತು. “ಸಂಜೆಯೊಳಗೆ ಕೊಡ್ತೀನಿ ಸರ್” ಅಂದೆ. ನಾಲ್ಕು ಗಂಟೆಗೇ ಕೊಟ್ಟೆ. ಶತ್ರು ದಾಟಿ ಬರದಂತೆ ನಮ್ಮ ವೀರರು ಎದೆ ಕಲ್ಲು ಮಾಡಿಕೊಂಡು ತಮ್ಮದೇ ಸೇತುವೆಯನ್ನು ಬಲಿಕೊಟ್ಟರು. ನಾಚಿಕೆಯ ಮಾತೆಂದರೆ, ಇದು ಮೊದಲಿನದಕ್ಕಿಂತ ಚೆನ್ನಾಗಿ ಬಂತು.

ಗಾಯ ಪೂರ್ತಿ ಮಾಯುವ ಮುಂಚೆಯೇ ಭಾವನಿಗೆ ಸೈನ್ಯದಿಂದ ಮತ್ತೆ ಕರೆ ಬಂತು. ಬಸ್ ನಿಲ್ದಾಣದಲ್ಲಿ ಅಕ್ಕ ನನ್ನನ್ನು ಮಾತಾಡಿಸಲಿಲ್ಲ. ಭಾವ ಮಾತ್ರ ಹೆಗಲು ತಟ್ಟಿ, “ನಂಗೆ ಏನೇ ಆದ್ರೂ, ನನ್ನ ಬಗ್ಗೆ ಮಾತ್ರ ಬರೀಬೇಡ” ಅಂದರು. ನಗುತ್ತಲೇ ಅಂದರು.

ಎರಡು ವಾರದ ಮೇಲೆ ಕಚೇರಿಗೆ ಒಂದು ಲಕೋಟೆ ಬಂತು. ಒಳಗೆ ಎರಡನೇ ಮುದ್ರಣದ ಪ್ರತಿ. ಹನ್ನೆರಡನೇ ಪುಟದ ಕೆಳಗೆ ಅಕ್ಕ ಕೆಂಪು ಶಾಯಿಯಲ್ಲಿ ಬರೆದಿದ್ದಳು: ‘ಕಾಗುಣಿತದ ತಪ್ಪು ಮೂರು. ಉಳಿದದ್ದನ್ನು ತಿದ್ದುವುದು ನನ್ನ ಕೈಲಾಗದು.’

ಆ ಮೂರನ್ನು ಮೂರನೇ ಮುದ್ರಣದಲ್ಲಿ ಸರಿಪಡಿಸಿದೆ.