ಎತ್ತದ ಬೆರಳು

"ಎಲ್ಲರೂ ಅವಳಿಗೇ ಯಾಕೆ ಕುರ್ಚಿ ಎಳೆದುಕೊಡ್ತಾರೆ?"

ಮೀಟಿಂಗ್ ಕೋಣೆಯಲ್ಲಿ ಆಗ ಯಾರೂ ಇರಲಿಲ್ಲ. ಬಂದವರನ್ನು ಲಿಫ್ಟಿನವರೆಗೆ ಬಿಟ್ಟುಬರಲು ಚಿಕ್ಕ ಮೇಡಂ ಹೋಗಿದ್ದಳು. ಉಳಿದದ್ದು ಕುಡಿದಿಟ್ಟ ಕಪ್ಪುಗಳು, ಮಾದರಿಗೆಂದು ತಂದಿಟ್ಟ ಒಂದು ಹಿತ್ತಾಳೆ ವಾಲ್ವು, ಮತ್ತು ದೊಡ್ಡ ಮೇಡಂ. ಕೇಳಿದವಳು ಅವಳು. ವಾಲ್ವು ಉತ್ತರ ಕೊಡಲಿಲ್ಲ.

ಆಫೀಸಿನವರ ಬಾಯಲ್ಲಿ ದೊಡ್ಡ ಮೇಡಂ, ಚಿಕ್ಕ ಮೇಡಂ. ಮನೆಯಲ್ಲಿ ಹಿರಿಸೊಸೆ, ಕಿರಿಸೊಸೆ. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದ ಓರಗಿತ್ತಿಯರು ಒಂದೇ ಸಂಸ್ಥೆಯನ್ನೂ ನಡೆಸುತ್ತಿದ್ದರು. ಜನಸಂಪರ್ಕದ ಸಂಸ್ಥೆ. ಆದರೆ ಸಾಬೂನು, ಸೀರೆ, ಸಿನಿಮಾ ಯಾವುದೂ ಇವರ ಬಾಗಿಲಿಗೆ ಬರುತ್ತಿರಲಿಲ್ಲ. ಕಾರ್ಖಾನೆಗಳು ಕಾರ್ಖಾನೆಗಳಿಗೇ ಮಾರುವ ಸಾಮಾನು ಇರುತ್ತದಲ್ಲ, ಬೇರಿಂಗು, ವಾಲ್ವು, ಬಾಯ್ಲರಿನ ಮುಚ್ಚಳಕ್ಕೆ ಹಾಕುವ ರಬ್ಬರು, ಅಂಥವನ್ನು ಮಾಡುವವರು ಬರುತ್ತಿದ್ದರು. ಅವರಿಗೆ ಚೆನ್ನಾಗಿ ಮಾಡಲು ಬರುತ್ತಿತ್ತು, ಮಾಡಿದ್ದನ್ನು ಹೇಳಲು ಬಾಯಿ ಬರುತ್ತಿರಲಿಲ್ಲ. ಆ ಬಾಯಿಯನ್ನು ಇವರು ಒದಗಿಸುತ್ತಿದ್ದರು.

ಪಕ್ಕದ ಮನೆಯವರು ಸೊಸೆಯರ ಕೆಲಸ ಏನೆಂದು ಕೇಳಿದರೆ ಅತ್ತೆ ಹೇಳುತ್ತಿದ್ದರು: "ಚಿಕ್ಕವಳು ಹೇಳ್ತಾಳೆ, ದೊಡ್ಡವಳು ಕೇಳ್ತಾಳೆ. ಇಬ್ಬರೂ ಸೇರಿ ಏನೂ ಮಾರಲ್ಲ. ಆದರೂ ಕಾರು ತಗೊಂಡಿದಾರೆ."

ಅತ್ತೆ ತಮಾಷೆಗೆ ಅಂದದ್ದು ಪೂರ್ತಿ ನಿಜವೇ ಆಗಿತ್ತು. ಆ ಸಂಸ್ಥೆಯಲ್ಲಿ ಒಂದು ಪದ್ಧತಿ. ಬರೆದದ್ದು ಭಾಷಣವಾಗಲಿ, ಪತ್ರಿಕೆಗೆ ಕೊಡುವ ಸುದ್ದಿಯಾಗಲಿ, ಹೊರಗೆ ಹೋಗುವ ಮೊದಲು ಒಮ್ಮೆ ಗಟ್ಟಿಯಾಗಿ ಓದಲೇಬೇಕು. ಓದುವವಳು ಕಿರಿಯವಳು. ಹಿರಿಯವಳು ಮೇಜಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಕೂರುವಳು. ಒಂದು ಮಾತು ಸುಳ್ಳಾಗಿದ್ದರೆ, ಒರಟಾಗಿದ್ದರೆ, ಬೇರೆ ಯಾರದೋ ಬಾಯಿಂದ ಬಂದದ್ದಾಗಿದ್ದರೆ, ಅವಳ ತೋರುಬೆರಳು ಮೇಲೇಳುತ್ತಿತ್ತು. ಬೆರಳೆದ್ದ ಮಾತನ್ನು ಹೊಡೆದುಹಾಕುವುದು. ವಾದವಿಲ್ಲ.

ಆ ಬೆರಳು ಅವಳಿಗೆ ಅಜ್ಜನಿಂದ ಬಂದದ್ದು. ಅಜ್ಜ ಬೆಳಗಿನ ಜಾವ ಗೋಡೆಗೆ ಒರಗಿ ಪದ್ಯ ಹೇಳುತ್ತಿದ್ದ. ಕಣ್ಣು ಮಂಜಾದ ಮೇಲೆ ಪುಸ್ತಕ ಬಿಟ್ಟು ನೆನಪಿನಿಂದಲೇ ಹೇಳುತ್ತಿದ್ದ. ಎದುರಿಗೆ ಚಾಪೆಯ ಮೇಲೆ ಕೂತ ಪುಟ್ಟ ಹುಡುಗಿ, ಅಕ್ಷರ ಕಲಿಯುವ ಮೊದಲೇ, ಅಜ್ಜ ಎಲ್ಲಾದರೂ ತಪ್ಪಿದರೆ ಬೆರಳು ಎತ್ತುತ್ತಿದ್ದಳು. "ಎಲ್ಲಿ, ಎಲ್ಲಿ ತಪ್ಪಿದೆ?" ಅಂತ ಅಜ್ಜ ಹಿಂದಕ್ಕೆ ಹೋಗಿ ಮತ್ತೆ ಹೇಳುತ್ತಿದ್ದ. ದೇವರು ತನಗೆ ಕೊಟ್ಟದ್ದು ಕಿವಿ ಅಂತ ಅವಳು ಅಂದೇ ನಂಬಿದ್ದಳು. ಅದರ ಮೇಲೆ ಅವಳಿಗಿದ್ದದ್ದು ಜಂಬವಲ್ಲ, ಭಕ್ತಿ. ಒಮ್ಮೆ ಕೇಳಿದ್ದು ಅವಳಿಂದ ಹೋಗುತ್ತಿರಲಿಲ್ಲ.

ಆದರೆ ಕಿವಿಗೆ ಯಾರು ಕುರ್ಚಿ ಎಳೆದುಕೊಡುತ್ತಾರೆ? ಕಿರಿಯವಳು ಒಳಗೆ ಬಂದರೆ ಕೋಣೆಗೆ ದೀಪ ಹಚ್ಚಿದ ಹಾಗೆ. ಗಡುಸು ಮುಖದ ಮ್ಯಾನೇಜರುಗಳು ಕೂಡ ಅವಳ ಮುಂದೆ ಮಕ್ಕಳ ಫೋಟೋ ತೆಗೆದು ತೋರಿಸುತ್ತಿದ್ದರು. "ಚಿಕ್ಕ ಮೇಡಂ ಇದ್ದಾರಾ?" ಅಂತ ಫೋನು. "ಇಲ್ಲ, ನಾನು ದೊಡ್ಡ ಮೇಡಂ" ಅಂದರೆ, "ಪರವಾಗಿಲ್ಲ, ಆಮೇಲೆ ಮಾಡ್ತೀನಿ." ಆ ಪರವಾಗಿಲ್ಲ ಅನ್ನುವ ಮಾತು ದಿನಕ್ಕೊಂದು ಕೆಂಡದಂತೆ ಹಿರಿಯವಳ ಹೊಟ್ಟೆಯಲ್ಲಿ ಕೂತಿತ್ತು.

ಈಗ ಬಂದುಹೋದವಳು ವಾಲ್ವ್ ಕಾರ್ಖಾನೆಯ ಮಾಲೀಕರ ಮಗಳು. ಇವರ ಗಿರಾಕಿಗಳಲ್ಲೆಲ್ಲ ದೊಡ್ಡದು ಆ ಕಾರ್ಖಾನೆ. ಅವಳ ಅಪ್ಪ ಹಾಸಿಗೆ ಹಿಡಿದಿದ್ದರು. ಮುಂದಿನ ವಾರ ಕೊಳ್ಳುವವರೂ ತಯಾರಕರೂ ಸೇರುವ ವರ್ಷದ ಸಭೆ. ಕಾಗದದ ಗಿರಣಿ, ಹಾಲಿನ ಘಟಕ, ಎಣ್ಣೆ ಶುದ್ಧಿ ಮಾಡುವವರು, ಎಲ್ಲ ಬರುವಂಥದ್ದು. ಅಲ್ಲಿ ಅಪ್ಪನ ಜಾಗದಲ್ಲಿ ನಿಂತು ಅವಳು ಮೊದಲ ಸಲ ಮಾತಾಡಬೇಕು. ಆ ಮಾತಿನ ಮೇಲೆ ಕಾರ್ಖಾನೆಯ ಮರ್ಯಾದೆ ನಿಂತಿತ್ತು, ಕಾರ್ಖಾನೆಯ ಮೇಲೆ ಇವರ ಸಂಸ್ಥೆ.

ಎರಡು ದಿನ ಬಿಟ್ಟು ಮಗಳು ಮತ್ತೆ ಬಂದಳು, ಬರೆದದ್ದನ್ನು ಕೇಳಲು. ಬಂದವಳೇ ಕಿರಿಯವಳಿಗೆ ಕುರ್ಚಿ ಎಳೆದುಕೊಟ್ಟಳು. ಕಣ್ಣು ಮುಚ್ಚಲು ಸಿದ್ಧಳಾಗಿ ಕೂತ ಹಿರಿಯವಳನ್ನು ನೋಡಿ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಕೇಳಿದಳು: "ನೀವು ಬರೀ ಕೇಳ್ತೀರಾ?"

"ಬರೀ ಅನ್ನಬೇಡಿ," ಕಿರಿಯವಳು ನಕ್ಕಳು. "ಅಕ್ಕ ಬೆರಳು ಎತ್ತದೆ ಇದ್ದರೆ ಆ ಮಾತು ಯಾವ ಸಭೆಗೆ ಬೇಕಾದರೂ ಹೋಗಬಹುದು. ನಮ್ಮ ಹೈಕೋರ್ಟು ಅದು."

ಹಿರಿಯವಳು ಕಣ್ಣು ಮುಚ್ಚಿದಳು. ಬರೀ ಅನ್ನುವುದು ಕಿವಿಯೊಳಗೇ ಸಿಕ್ಕಿಕೊಂಡಿತ್ತು.

ಕಿರಿಯವಳು ಓದತೊಡಗಿದಳು. ಚೆನ್ನಾಗಿಯೇ ಬರೆದಿದ್ದಳು. ಒಂದು ಕಡೆ ಬೆರಳೆದ್ದಿತು, ಅವಳು ಹೊಡೆದುಹಾಕಿ ಮುಂದೆ ಹೋದಳು. ಕೊನೆಯ ಹೊತ್ತಿಗೆ ದನಿ ತಗ್ಗಿಸಿ ಓದಿದಳು: "ವಾಲ್ವು ಕೆಟ್ಟ ದಿನ ಎಲ್ಲರೂ ನಮ್ಮನ್ನು ಬೈಯುತ್ತೀರಿ. ನಾವು ಸರಿಯಾಗಿ ಕೆಲಸ ಮಾಡಿದ ದಿನ ನಮ್ಮ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ನಿಮ್ಮ ಆ ಮೌನವೇ ನಮಗೆ ಹೊಗಳಿಕೆ."

ಹಿರಿಯವಳಿಗೆ ಗುರುತು ಸಿಕ್ಕಿತು. ಈ ಮಾತು ಅವಳದೇ.

ವರ್ಷಗಳ ಹಿಂದೆ, ಇನ್ನೊಬ್ಬ ವಾಲ್ವ್ ತಯಾರಕರು ಇವರ ಗಿರಾಕಿಯಾಗಿದ್ದರು. ಆಫೀಸಿನಲ್ಲಿ ಅವರನ್ನು ಬಿಳಿಮೀಸೆ ಅನ್ನುತ್ತಿದ್ದರು. ಅವರ ಹೊಸ ಶೆಡ್ಡಿನ ಉದ್ಘಾಟನೆಗೆ ಆ ಮೂರು ವಾಕ್ಯಗಳನ್ನು ಹಿರಿಯವಳು ತನ್ನ ಕೈಯಾರೆ ಬರೆದಿದ್ದಳು. ಗಟ್ಟಿಯಾಗಿ ಓದಿದವಳು ಆಗತಾನೇ ಕೆಲಸಕ್ಕೆ ಸೇರಿದ್ದ ಕಿರಿಯವಳು. ಬಿಳಿಮೀಸೆ ಆಮೇಲೆ ಬೇರೆ ಸಂಸ್ಥೆಗೆ ಹೋದರು, ಮಾತನ್ನೂ ಜೊತೆಗೇ ಒಯ್ದರು. ಒಬ್ಬರಿಗೆ ಕೊಟ್ಟ ಮಾತು ಅವರದು, ಮತ್ತೊಬ್ಬರ ಬಾಯಿಗೆ ಅದನ್ನು ಹಾಕುವಂತಿಲ್ಲ. ಈ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಓದಿ ಓದಿ ಬಾಯಿಗೆ ಅಂಟಿದ್ದು ತನಗೇ ಹೊಳೆದದ್ದೆಂದು ಕಿರಿಯವಳು ನಂಬಿಬಿಟ್ಟಿದ್ದಳು.

"ಅಬ್ಬ," ವಾಲ್ವಿನ ಮಗಳು ಮೆಲ್ಲಗೆ ಅಂದಳು. "ಇಂಥ ಮಾತು ನಿಮಗಲ್ಲದೆ ಯಾರಿಗೆ ಹೊಳೆಯುತ್ತೆ?"

ಬೆರಳು ಮೇಜಿನ ಮೇಲೆ ಬಿಸಿಯಾಯಿತು. ಎತ್ತುವುದಕ್ಕೆ ಎಷ್ಟು ಹೊತ್ತು ಬೇಕು? ಬಿಳಿಮೀಸೆ ಆ ಸಭೆಗೆ ಬಾರದೆ ಇರುವವರಲ್ಲ ಅಂತಲೂ ಅವಳಿಗೆ ಗೊತ್ತಿತ್ತು. ನಿಮಗಲ್ಲದೆ ಯಾರಿಗೆ, ಅಂತ ಅವಳ ಕಿವಿ ಒಳಗೊಳಗೇ ಮತ್ತೆ ಓದಿತು.

ಕಿರಿಯವಳು ಕಾದಳು. ಬೆರಳು ಏಳಲಿಲ್ಲ.

"ಪಾಸಾಯ್ತು," ಅಂತ ಹಾಳೆ ಮಡಿಚಿದಳು. ಮುಖ ಹಬ್ಬವಾಗಿತ್ತು.

ಸಭೆಯ ಹಿಂದಿನ ಸಂಜೆ ಹಿರಿಯವಳು ದೇವರ ಮುಂದೆ ಕೂತಳು. ದಿನವೂ ಹೇಳುವ ಪದ್ಯ ನಾಲಿಗೆಗೆ ಬಂತು, ಒಳಕ್ಕೆ ಇಳಿಯಲಿಲ್ಲ. ಎದ್ದು ಕಿರಿಯವಳಿಗೆ ಫೋನು ಮಾಡಿದಳು. "ಹೇಳಿ ಅಕ್ಕ, ಇಲ್ಲೇ ಪ್ರಾಕ್ಟೀಸು ನಡೀತಿದೆ," ಅಂದಳು ಆಕೆ. ಹಿಂದಿನಿಂದ ವಾಲ್ವಿನ ಮಗಳ ದನಿ: "ನೀವು ಇಲ್ಲದಿದ್ದರೆ ನಾನು ಸತ್ತೇ ಹೋಗ್ತಿದ್ದೆ ಅಂತ ನಿಮ್ಮ ಅಕ್ಕನಿಗೆ ಹೇಳಿ." ಇಬ್ಬರೂ ನಕ್ಕದ್ದು ಕೇಳಿಸಿತು.

"ಏನಿಲ್ಲ," ಅಂದಳು ಹಿರಿಯವಳು. "ಊಟಕ್ಕೆ ಬರ್ತೀಯಾ ಅಂತ ಅತ್ತೆ ಕೇಳಿದರು." ಅತ್ತೆ ಏನೂ ಕೇಳಿರಲಿಲ್ಲ.

ಸಭಾಂಗಣದಲ್ಲಿ ಹಿರಿಯವಳು ಹಿಂದಿನ ಸಾಲಿನಲ್ಲಿ ಕೂತಳು. ಮುಂದಿನ ಸಾಲಿನಲ್ಲಿ ಬಿಳಿಮೀಸೆ, ಬೆತ್ತದ ಕೋಲಿನ ಮೇಲೆ ಗದ್ದ ಊರಿಕೊಂಡು. ವಾಲ್ವಿನ ಮಗಳು ಮೊದಲು ತಡವರಿಸಿದಳು, ಆಮೇಲೆ ಹಿಡಿತ ಸಿಕ್ಕಿತು, ಜನ ಕಿವಿಗೊಟ್ಟರು. ಕೊನೆಗೆ ದನಿ ತಗ್ಗಿಸಿ, "ನಾವು ಸರಿಯಾಗಿ ಕೆಲಸ ಮಾಡಿದ ದಿನ..." ಅಂದಳು.

ಮುಂದಿನ ಸಾಲಿನಿಂದ ಒಂದು ಮುದಿ ದನಿ ಆರಾಮಾಗಿ ಮುಗಿಸಿತು: "ನಮ್ಮ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ."

ತಲೆಗಳೆಲ್ಲ ಆ ಕಡೆ ತಿರುಗಿದವು.

"ಮುಂದಿನದನ್ನೂ ಹೇಳಲಾ ಮಗಳೇ?" ಬಿಳಿಮೀಸೆ ಅಂದರು, ಕೋಪವಿಲ್ಲದೆ. "ನನ್ನ ಶೆಡ್ಡಿನ ಗೋಡೆ ಮೇಲೆ ಬರೆಸಿದೀನಿ. ನಿಮ್ಮಪ್ಪ ಬಂದಾಗ ಅದರ ಕೆಳಗೇ ನಿಂತು ಟೀ ಕುಡಿದಿದಾರೆ."

ನಗು ಮುಂದಿನ ಸಾಲಿನಲ್ಲಿ ಹುಟ್ಟಿ ಹಿಂದಿನ ಸಾಲಿನವರೆಗೆ ಹಬ್ಬಿತು. ಮೈಕಿನ ಮುಂದೆ ನಿಂತವಳ ಮುಖ ಸುಣ್ಣದ ಗೋಡೆಯಾಯಿತು. ಉಳಿದ ಮಾತನ್ನು ನುಂಗಿ ಇಳಿದುಬಂದಳು.

ಈ ಗಳಿಗೆಯ ರುಚಿಯನ್ನು ಹಿರಿಯವಳು ವಾರವಿಡೀ ಮನಸ್ಸಿನಲ್ಲಿ ಚಪ್ಪರಿಸಿದ್ದಳು. ಬಂದಾಗ ನೋಡಿದರೆ ಬಾಯಿ ಕಹಿ. ಅದಕ್ಕಿಂತ ಹೆಚ್ಚಾಗಿ, ವೇದಿಕೆಯ ಪಕ್ಕದಲ್ಲಿ ನಿಂತಿದ್ದ ಕಿರಿಯವಳು ತಲೆ ಸುತ್ತಿ ಗೋಡೆ ಹಿಡಿದುಕೊಂಡದ್ದೇ ತಡ, ಯಾರೋ ಗುರುತಿಲ್ಲದವರು ಓಡಿಬಂದು ಅವಳಿಗೆ ಕುರ್ಚಿ ಎಳೆದುಕೊಟ್ಟರು. ಸೋತರೂ ಕುರ್ಚಿ ಅವಳಿಗೇ. ಅಷ್ಟರ ನಡುವೆಯೂ ಅದು ಹಿರಿಯವಳ ಕಣ್ಣಿಗೆ ಬಿತ್ತು. ತನ್ನ ಕಣ್ಣಿನ ಮೇಲೆ ಅವಳಿಗೇ ಹೇಸಿಗೆಯಾಯಿತು.

ವೇದಿಕೆಯ ಹಿಂದೆ ಒಂದು ಸಣ್ಣ ಕೋಣೆ. ವಾಲ್ವಿನ ಮಗಳು, ಕಿರಿಯವಳು ಒಳಗೆ ಹೋದರು. ಹಿರಿಯವಳು ಓಣಿಯಂಥ ಪಡಸಾಲೆಯಲ್ಲಿ ನಿಂತಳು. ಬಾಗಿಲು ಹಾಕಿತ್ತು. ಅವಳ ಕಿವಿಗೆ ಬಾಗಿಲು ಯಾವ ಲೆಕ್ಕ?

"ನಾನೇ ಬರೆದದ್ದು. ತಪ್ಪು ಪೂರ್ತಿ ನನ್ನದು," ಕಿರಿಯವಳ ದನಿ.

"ಬರೆಯೋವಾಗ ತಪ್ಪುತ್ತೆ, ಬಿಡಿ. ನಿಮ್ಮ ಹೈಕೋರ್ಟಿಗೆ ಏನಾಗಿತ್ತು? ಒಮ್ಮೆ ಕೇಳಿದ್ದು ಮರೆಯೋಲ್ಲ ಆಕೆ ಅಂತ ಅಪ್ಪ ನಿನ್ನೆ ತಾನೇ ಹೇಳಿದರು. ಬೇಕಂತಲೇ ಸುಮ್ಮನಿದ್ದರಾ?"

ಒಳಗೆ ಹಾಳೆ ಮಡಿಚುವ ಸದ್ದು.

"ಛೆ, ಇಲ್ಲ. ಈಚೆಗೆ ಅಕ್ಕನಿಗೆ ಕಿವಿ ಮಂದ. ಹೊರಗೆ ಯಾರಿಗೂ ಹೇಳಿಲ್ಲ ನಾವು. ಪಾಪ, ಅವರಿಗೆ ಕೇಳಿಸಿರಲ್ಲ."

ಹಿರಿಯವಳ ಕೈ ಕಿವಿಗೆ ಹೋಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಇರುವುದೊಂದು ಕಿವಿ, ಅದನ್ನೂ ಇವಳು ಕರುಣೆಯಿಂದ ಕಿತ್ತುಕೊಂಡಳಲ್ಲ.

"ಹಾಗಿದ್ದರೆ ಸರಿ," ವಾಲ್ವಿನ ಮಗಳು ಅಂದಳು. "ಅವರೇ ಬಂದು ಅಷ್ಟು ಹೇಳಲಿ. ವಯಸ್ಸಾದವರ ಕಿವಿ ಅಂತ ಅಪ್ಪನಿಗೆ ಹೇಳ್ತೀನಿ, ನಮ್ಮ ಕೆಲಸ ನಿಮ್ಮಲ್ಲೇ ಇರುತ್ತೆ. ಬೇಕಂತ ಮಾಡಿದ್ದಾದರೆ ಇವತ್ತಿಗೇ ಮುಗೀತು."

ಬಾಗಿಲು ತೆರೆಯಿತು. ಕಿರಿಯವಳು ಹೊರಗೆ ಬಂದು ಬಾಗಿಲನ್ನು ಬೆನ್ನಿಂದಲೇ ಒತ್ತಿ ಹಾಕಿದಳು. ಕಾಡಿಗೆ ಕೆನ್ನೆಗೆ ಇಳಿದಿತ್ತು.

"ಕೇಳಿಸ್ತಾ?"

"ಹೂಂ."

"ಆ ಮಾತು ನಿಮ್ಮದು ಅಂತ ನನಗೆ ಆ ಮುದುಕರು ಬಾಯಿ ತೆರೆದಾಗ ನೆನಪಾಯ್ತು ಅಕ್ಕ. ದೇವರಾಣೆ, ಅಲ್ಲೀವರೆಗೆ ಗೊತ್ತಿರಲಿಲ್ಲ." ಕಿರಿಯವಳು ಉಸಿರು ಎಳೆದುಕೊಂಡಳು. "ನಿಮಗೆ ಅವತ್ತೇ ಗೊತ್ತಾಗಿತ್ತಾ?"

ಹಿರಿಯವಳು ತನ್ನ ಕೈ ನೋಡಿಕೊಂಡಳು. ಎತ್ತದೆ ಉಳಿದ ಬೆರಳು ಉಳಿದ ಬೆರಳುಗಳ ಜೊತೆ ಏನೂ ಆಗದ ಹಾಗೆ ಇತ್ತು.

"ಬೇಡ, ಅದನ್ನ ಹೇಳಬೇಡಿ," ಕಿರಿಯವಳೇ ಅವಸರದಿಂದ ತಡೆದಳು. "ಇನ್ನೊಂದು ಹೇಳಿ ಸಾಕು. ಒಳಗೆ ಬಂದು, ನನಗೆ ಕೇಳಿಸಲಿಲ್ಲಮ್ಮ ಅನ್ನಿ. ಅದು ಅವಳಿಗೋಸ್ಕರ. ಮೊದಲು ಇಲ್ಲಿ ಒಂದು ಸಲ ನನಗೂ ಅನ್ನಿ. ಸುಳ್ಳಾದರೂ ನಂಬ್ತೀನಿ. ನಾಳೆ ಒಂದೇ ಅಡುಗೆಮನೆಯಲ್ಲಿ ನಾವಿಬ್ಬರೂ ನಿಲ್ಲಬೇಕಲ್ಲ ಅಕ್ಕ."

ಅಜ್ಜ ಮಂಜುಗಣ್ಣು ಎತ್ತಿ, ಎಲ್ಲಿ ತಪ್ಪಿದೆ ಅಂತ ಕೇಳುತ್ತಿದ್ದದ್ದು ಹಿರಿಯವಳಿಗೆ ಈಗ ಸ್ಪಷ್ಟವಾಗಿ ಕೇಳಿಸಿತು. ಕೋಣೆಯೊಳಗೆ ವಾಲ್ವಿನ ಮಗಳು ಕುರ್ಚಿ ಎಳೆದ ಸದ್ದು. ಈ ಸಲ ಅದು ಯಾರಿಗೋಸ್ಕರ ಅಂತ ಗೊತ್ತಿತ್ತು. ಒಳಗೆ ಹೋಗಿ ಕೂತರೆ ಆಯಿತು.

"ಅಷ್ಟೇ ಅಕ್ಕ. ಕೇಳಿಸಲಿಲ್ಲ ಅಂತ. ಹೇಳ್ತೀರಲ್ಲ?"

"ಇಲ್ಲ," ಅಂದಳು ಹಿರಿಯವಳು. "ಅದೊಂದನ್ನ ನಾನು ಹೇಳೋದಿಲ್ಲ. ನಿನಗೂ ಇಲ್ಲ, ಅವಳಿಗೂ ಇಲ್ಲ."