ಅಮ್ಮನ ಹಾಡಿನ ಮೂರನೆಯ ಸಾಲು

ಇಸ್ತ್ರಿ ಅಕ್ಕನಿಗೆ ಸಿಟ್ಟು ಬಂದರೆ ಮನುಷ್ಯರ ಜೊತೆ ಜಗಳವಾಡುವುದಿಲ್ಲ. ಇಸ್ತ್ರಿಪೆಟ್ಟಿಗೆಗೆ ದೂರು ಹೇಳುತ್ತಾಳೆ.

"ಕೇಳಿದ್ಯಾ? ನಮ್ಮಮ್ಮನ ಹಾಡಲ್ಲಿ ಕೊಳೆ ಇದೆಯಂತೆ" ಎಂದಳು ಪೆಟ್ಟಿಗೆಗೆ. ಎದುರಿನ ಸ್ಟೂಲಿನ ಮೇಲೆ ಕೂತಿದ್ದ ತಮ್ಮನನ್ನು ತಿರುಗಿಯೂ ನೋಡಲಿಲ್ಲ.

ತಮ್ಮ ಶಾಲೆಯಲ್ಲಿ ಸಂಗೀತದ ಮೇಷ್ಟ್ರು. ಸುಕ್ಕಿಲ್ಲದ ಅಂಗಿ, ಸುಕ್ಕಿಲ್ಲದ ಮಾತು. "ಕೊಳೆ ಅಂದ್ನಾ ಅಕ್ಕ? ಆ ಒಂದು ಸಾಲು ಸರಿ ಮಾಡೋಣ ಅಂದೆ, ಅಷ್ಟೆ. ನಾನೂರು ಜನರ ಮುಂದೆ ನಿಂತು ಉಗಿಯೋಕಾಗುತ್ತಾ?"

"ಉಗಿಯೋದಲ್ಲ, ಚಿಮುಕಿಸೋದು" ಎಂದಳು ಅಕ್ಕ, ಪೆಟ್ಟಿಗೆಗೇ.

ವಿಷಯ ಇಷ್ಟು. ಊರಿನ ರೇಡಿಯೋದವರು ಮನೆ ಹಾಡುಗಳನ್ನು ಕೂಡಿಸಿಡಲು ಹೊರಟಿದ್ದರು. ಯಾವ ಪುಸ್ತಕದಲ್ಲೂ ಇಲ್ಲದ, ಒಂದೇ ಮನೆಯವರು ಮಾತ್ರ ಹಾಡಿಕೊಂಡು ಬಂದ ಹಾಡುಗಳು. ಪುರಭವನದಲ್ಲಿ ಜನರ ಮುಂದೆ ಹಾಡಿಸಿ, ಧ್ವನಿ ಮುದ್ರಿಸಿಕೊಂಡು, ಹೆಸರು ಬರೆದು, ಸದಾಕಾಲ ಕಾಪಾಡುತ್ತಾರಂತೆ. ಪೇಪರಿನಲ್ಲಿ ಇದನ್ನು ಓದಿದ ದಿನ ಅಕ್ಕನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅವಳಿಗೆ ಐವತ್ತಾರು, ಮಕ್ಕಳಿಲ್ಲ. ತಮ್ಮನ ಮಕ್ಕಳಿಗೆ ಆ ಹಾಡಿನ ಗಂಧಗಾಳಿಯೂ ಇಲ್ಲ. ಅವಳ ಗಂಟಲು ನಿಂತ ದಿನ ಅಮ್ಮನ ಹಾಡೂ ನಿಂತುಹೋಗುತ್ತದೆ. ಆದರೆ ಒಂದು ನಿಯಮವಿತ್ತು: ಜೊತೆಗೆ ಯಾರಾದರೂ ವಾದ್ಯ ನುಡಿಸಲೇಬೇಕು. ಅವಳಿಗೆ ಗೊತ್ತಿದ್ದ ವಾದ್ಯವೆಂದರೆ ತಮ್ಮನ ಹಾರ್ಮೋನಿಯಂ ಒಂದೇ.

ಹಾಡು ಅಮ್ಮನೇ ಕಟ್ಟಿದ್ದು. ಅವಳದೂ ಇಸ್ತ್ರಿ ಕೆಲಸವೇ, ಇದೇ ಅಂಗಡಿ, ಇದೇ ಮೇಜು. ಗಂಡ ತೀರಿಕೊಂಡ ಮೇಲೆ ಎರಡು ಮಕ್ಕಳನ್ನು ಮೇಜಿನ ಕೆಳಗೆ ಕೂರಿಸಿಕೊಂಡು, ಕೆಂಡದ ಪೆಟ್ಟಿಗೆ ತಳ್ಳುತ್ತ ಹಾಡುತ್ತಿದ್ದಳು:

ಸುಕ್ಕಾದರೇನಂತೆ, ಸೋತಿಲ್ಲ ಅಂಗಿ
ಕಾವಿಷ್ಟು ಸಿಕ್ಕರೆ ಎದ್ದೀತು ತಂಗಿ

ಇಲ್ಲಿಗೆ ಬಂದಾಗ ತಗಡಿನ ಲೋಟದಿಂದ ಬಾಯಿ ತುಂಬ ನೀರು ತುಂಬಿಕೊಳ್ಳುತ್ತಿದ್ದಳು. ಆ ಕಾಲದಲ್ಲಿ ಬಟ್ಟೆಗೆ ನೀರು ಹನಿಸುತ್ತಿದ್ದದ್ದು ಹಾಗೆಯೇ. ಬಾಯಲ್ಲಿ ನೀರಿದ್ದವಳು ಹಾಡುವುದು ಹೇಗೆ? ಆದರೆ ಹಾಡು ನಿಲ್ಲಿಸುವ ಜಾಯಮಾನ ಅವಳದಲ್ಲ. ಮುಚ್ಚಿದ ತುಟಿಯಲ್ಲೇ ಮೂರನೆಯ ಸಾಲನ್ನು "ಹ್ಞೂಂ ಹ್ಞೂಂ ಹ್ಞೂಂ" ಎಂದು ಗುನುಗಿ, ಕೊನೆಗೆ ಅಂಗಿಯ ಮೇಲೆ "ಪುರ್ರ್" ಎಂದು ಚಿಮುಕಿಸಿ, ನಾಲ್ಕನೆಯದಕ್ಕೆ ಜಿಗಿಯುತ್ತಿದ್ದಳು:

ನಾಳೆಗೆ ನಾವೇ ಹೊಸ ಮಡಿಕೆ ಹಾಕೋಣ

ಹಾಡಿನ ಮೂರು ನುಡಿಗಳಲ್ಲೂ ಮೂರನೆಯ ಸಾಲು ಹೀಗೆಯೇ. ಮಕ್ಕಳು ಕಲಿತದ್ದೂ ಹಾಗೆಯೇ, ಗುನುಗಿನ ಸಮೇತ, ಪುರ್ರ್ ಸಮೇತ. ಎಲ್ಲ ಹಾಡುಗಳಲ್ಲೂ ಮೂರನೆಯ ಸಾಲಿಗೆ ಉಗುಳು ಹಾರಿಸಬೇಕೆಂದು ಅಕ್ಕ ನಂಬಿದ್ದಳು. ಒಂದನೆಯ ತರಗತಿಯಲ್ಲಿ ಪ್ರಾರ್ಥನೆ ಹಾಡುವಾಗ ಹಾಗೇ ಮಾಡಿ, ಮುಂದಿನ ಸಾಲಿನ ಹುಡುಗಿಯಿಂದ ಜುಟ್ಟು ಹಿಡಿಸಿಕೊಂಡಿದ್ದಳು.

ಆ ಸಾಲಿನ ಜಾಗಕ್ಕೆ ಮೇಷ್ಟ್ರು ಈಗ ಹೊಸ ಸಾಲು ಬರೆದಿದ್ದ: "ಅಮೃತಸಿಂಚನದಿ ಅರಳಿತು ಜೀವ." ನಲ್ಲಿ ನೀರಿಗೆ ಎಂಥ ಭಾಗ್ಯ! ರಾಗವನ್ನೂ ಅಲ್ಲಿ ಇಲ್ಲಿ ನೆಟ್ಟಗೆ ಮಾಡಿ, ರೇಡಿಯೋದವರ ಅರ್ಜಿಯಲ್ಲಿ "ಪದ" ಎಂಬಲ್ಲಿ ಅಮ್ಮನ ಹೆಸರು, "ರಾಗ" ಎಂಬಲ್ಲಿ ತನ್ನ ಹೆಸರು ಹಾಕಿದ್ದ.

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಹಾಗೆ ನಮಗೆ ಅಮ್ಮನ ಹಾಡು ಮುದ್ದು" ಎಂದ. "ಕೇಳೋ ಜನಕ್ಕೂ ಮುದ್ದು ಅನ್ನಿಸ್ಬೇಕಲ್ಲ? ನನ್ನ ಶಾಲೆ ಮಕ್ಕಳ ಅಪ್ಪ ಅಮ್ಮಂದಿರೆಲ್ಲ ಬರ್ತಾರೆ. ಸಾಲು ಬದಲಾಯ್ಸಿದ್ರೆ ನುಡಿಸ್ತೀನಿ, ಇಲ್ಲಾಂದ್ರೆ ಇಲ್ಲ."

ಅಕ್ಕ ಪೆಟ್ಟಿಗೆಯನ್ನು ಒಮ್ಮೆ ನೋಡಿದಳು. ಪೂರ್ತಿ ಕಳೆದುಕೊಳ್ಳುವುದಕ್ಕಿಂತ ಮುಕ್ಕಾಲು ಉಳಿಸಿಕೊಳ್ಳುವುದೇ ವಾಸಿ ಎಂದುಕೊಂಡು "ಆಯ್ತು" ಎಂದಳು.

ಎರಡು ವಾರ ಅಭ್ಯಾಸ ನಡೆಯಿತು. ಅಮೃತಸಿಂಚನ ಜಪ್ಪಯ್ಯ ಎಂದರೂ ಬಾಯಿಗೆ ಹತ್ತಲೊಲ್ಲದು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ತಮ್ಮ ಛೇಡಿಸಿದ. ಅಕ್ಕ ನಕ್ಕುಬಿಟ್ಟಳು. ಆ ಸಾಲು ಬಾಯಿಗೆ ಹತ್ತದ ಕಾರಣ ಬೇರೆ ಇತ್ತು, ಅದನ್ನು ಅವನಿಗೆ ಎಂದೂ ಹೇಳಿರಲಿಲ್ಲ.

ಅಮ್ಮನ ಕೊನೆಯ ದಿನ, ಆಸ್ಪತ್ರೆಯಲ್ಲಿ, ದವಡೆ ಅಲುಗದ ಹಾಗೆ ಅವಳ ಬಾಯಿಗೆ ಪಟ್ಟಿ ಹಾಕಿದ್ದರು. ಮಾತಿಲ್ಲ. ಕಣ್ಣು ಮಾತ್ರ ಅಕ್ಕನ ಮುಖದ ಮೇಲೆ ಇತ್ತು. ಏನು ಮಾಡಲೂ ತೋಚದೆ ಅಕ್ಕ ಹಾಡಿದಳು. ಒಂದನೆಯ ಸಾಲು, ಎರಡನೆಯ ಸಾಲು. ಮೂರನೆಯದಕ್ಕೆ ಬಂದಾಗ ಅಮ್ಮನ ಗಂಟಲಿನಿಂದ ಸಣ್ಣಗೆ ಬಂತು: ಹ್ಞೂಂ ಹ್ಞೂಂ ಹ್ಞೂಂ. ಇಡೀ ಹಾಡಿನಲ್ಲಿ ಬಾಯಿ ತೆರೆಯದೆ ಹಾಡಬಹುದಾದ ಸಾಲು ಅದೊಂದೇ, ಅದನ್ನು ಅಮ್ಮ ಹಾಡಿಯೇ ಹೋದಳು. ಮರುದಿನ ತಮ್ಮ ಬಂದಾಗ ಅಳುತ್ತ ಕುಸಿದಿದ್ದ. ಆ ಹೊತ್ತಿನಲ್ಲಿ ಅಕ್ಕನಿಗೆ ಹೇಳಲು ಬಾಯಿ ಬರಲಿಲ್ಲ. ಆಮೇಲೆ ಹೇಳುವ ಹೊತ್ತೇ ಬರಲಿಲ್ಲ.

ಪುರಭವನ ತುಂಬಿತ್ತು. ವೇದಿಕೆಯ ಮೇಲೆ ಮೈಕು, ಅದರ ಪಕ್ಕ ಪುಟ್ಟ ಮೇಜು, ಹಾಡುವವರಿಗೆಂದು ನೀರಿನ ಲೋಟ. ಮೇಷ್ಟ್ರು ಬಿಳಿ ಅಂಗಿಯಲ್ಲಿ ಹಾರ್ಮೋನಿಯಂ ಮುಂದೆ ಕೂತ. ಬೆಳಿಗ್ಗೆ ಆ ಅಂಗಿಗೆ ಇಸ್ತ್ರಿ ಮಾಡಿದವಳು ಅಕ್ಕನೇ.

ಮೊದಲ ನುಡಿಯನ್ನು ಹೇಳಿಕೊಟ್ಟ ಹಾಗೆಯೇ ಹಾಡಿದಳು. ಅಮೃತಸಿಂಚನದಿ ಅರಳಿತು ಜೀವ. ಒಂದಕ್ಷರ ತಪ್ಪಲಿಲ್ಲ. ಜನ ಸುಮ್ಮನೆ ಕೇಳಿದರು. ಮುಂದಿನ ಸಾಲಿನ ಹೆಂಗಸು ಆಕಳಿಸಿ ಫೋನು ತೆಗೆದಳು. ಅಕ್ಕನಿಗೆ ತಾನು ಯಾರದೋ ಅಮ್ಮನ ಹಾಡನ್ನು ಹಾಡುತ್ತಿರುವಂತೆ ಅನ್ನಿಸಿತು.

ಎರಡನೆಯ ನುಡಿ. ಎರಡು ಸಾಲು ಮುಗಿಯಿತು. ಮೂರನೆಯದಕ್ಕೆ ಬಾಯಿ ತೆರೆಯಬೇಕು, ಅದು ತಾನಾಗಿಯೇ ಮುಚ್ಚಿಕೊಂಡಿತು. ಹ್ಞೂಂ ಹ್ಞೂಂ ಹ್ಞೂಂ. ಹಾರ್ಮೋನಿಯಂ ಎರಡು ಸ್ವರ ನುಡಿಸಿ ತಬ್ಬಿಬ್ಬಾಗಿ ನಿಂತಿತು. ಅಕ್ಕನ ತುಟಿಯಿಂದ, ನಾನೂರು ಜನರ ಮುಂದೆ, ಮೈಕಿನೊಳಕ್ಕೆ ನೇರವಾಗಿ ಹೊರಟಿತು: ಪುರ್ರ್!

ಸಭೆ ಗೊಳ್ಳೆಂದಿತು. ತಮ್ಮನ ಮುಖ ಕೆಂಪಾಯಿತು. ನಾಲ್ಕನೆಯ ಸಾಲನ್ನು ಹೇಗೋ ದಾಟಿಸಿ ತಲೆಯೆತ್ತಿದಳು. ಆಕಳಿಸಿದ್ದ ಹೆಂಗಸು ಫೋನು ಕೆಳಗಿಟ್ಟು ಮುಂದಕ್ಕೆ ಬಾಗಿ ಕೂತಿದ್ದಳು, ಮುಖದ ತುಂಬ ನಗು. ಅದು ಅಣಕದ ನಗುವಲ್ಲ. ಇನ್ನೊಂದು ಸಲ ಮಾಡಲಿ ಎಂದು ಕಾಯುವ ನಗು.

ಮಾಡದೆ ಬಿಡುತ್ತಾಳೆಯೇ ನಮ್ಮ ಅಕ್ಕ?

ಮೂರನೆಯ ನುಡಿಯ ಎರಡನೆಯ ಸಾಲು ಮುಗಿಯುತ್ತಲೇ ಲೋಟ ಎತ್ತಿ ಬಾಯಿ ತುಂಬ ನೀರು ತುಂಬಿಕೊಂಡಳು. ಮೈಕಿನವನು ಗಾಬರಿಯಾಗಿ ಓಡಿಬಂದು ಮೈಕು ಪಕ್ಕಕ್ಕೆ ಎಳೆದ. ಅಕ್ಕ ಬೆನ್ನು ನೆಟ್ಟಗೆ ಮಾಡಿ ಗುನುಗಿದಳು. ಮೊದಲು ಒಬ್ಬಳದೇ ಗುನುಗು. ಆಮೇಲೆ ಬಲಗಡೆಯಿಂದ ಇನ್ನೊಂದು, ದಪ್ಪ ದನಿಯದು. ಹೊರಳಿ ನೋಡಿದರೆ, ತಮ್ಮ. ಕೈ ಹಾರ್ಮೋನಿಯಂ ಮೇಲೆ ಸುಮ್ಮನಿತ್ತು, ಕಣ್ಣು ಮುಚ್ಚಿತ್ತು, ತುಟಿಯೂ ಮುಚ್ಚಿತ್ತು. ಮೇಜಿನ ಕೆಳಗೆ ಕೂತು ಕಲಿತದ್ದು ಎಲ್ಲಿಗೆ ಹೋಗುತ್ತದೆ?

ಪುರ್ರ್!

ನೀರು ಬೆಳಕಿನಲ್ಲಿ ಹರಡಿ ಬಿತ್ತು, ಅರ್ಧ ನೆಲಕ್ಕೆ, ಅರ್ಧ ಮೇಷ್ಟ್ರ ಬಿಳಿ ಅಂಗಿಗೆ. "ಇನ್ನೊಂದ್ಸಲ! ಇನ್ನೊಂದ್ಸಲ!" ಎಂದು ಜನ ಎದ್ದು ನಿಂತರು. ಅಕ್ಕ ಮೊದಲ ನುಡಿಗೆ ಮರಳಿ, ಈ ಸಲ ಅಮ್ಮ ಹಾಡಿದಂತೆಯೇ ಹಾಡಿದಳು. ಮೂರನೆಯ ಸಾಲು ಬಂದಾಗ ನಾನೂರು ಬಾಯಿಗಳು ಮುಚ್ಚಿಕೊಂಡು ಗುನುಗಿದವು. ನಾನೂರು ಜನ ಒಟ್ಟಿಗೆ ಪುರ್ರ್ ಎಂದರು. ಮುಂದೆ ಕೂತವರ ಕತ್ತು ಒದ್ದೆಯಾಯಿತು, ಯಾರೂ ಬೈಯಲಿಲ್ಲ. ನಡುವೆ ಅಕ್ಕನ ಕಣ್ಣಿಂದಲೂ ನೀರು ಇಳಿಯುತ್ತಿತ್ತು, ಆದರೆ ದನಿ ಎಲ್ಲೂ ಅಲುಗಲಿಲ್ಲ. ಅಷ್ಟು ಗಟ್ಟಿಯಾಗಿ ಅವಳು ಜೀವಮಾನದಲ್ಲಿ ಹಾಡಿರಲಿಲ್ಲ.

ವೇದಿಕೆಯ ಹಿಂದಿನ ಮೆಟ್ಟಿಲ ಮೇಲೆ ತಮ್ಮ ಅಂಗಿ ಒರೆಸಿಕೊಳ್ಳುತ್ತ ಕೇಳಿದ, "ಮಾತು ಕೊಟ್ಟಿದ್ಯಲ್ಲ ಅಕ್ಕ. ಯಾಕೆ ಹಿಂಗ್ ಮಾಡ್ದೆ?"

"ಅಮ್ಮ ಕೊನೇಲಿ ಹಾಡಿದ್ದು ಆ ಸಾಲು ಕಣೋ. ಬಾಯಿಗೆ ಪಟ್ಟಿ ಹಾಕಿದ್ರಲ್ಲ, ಅದೊಂದೇ ಹಾಡೋಕೆ ಆಗಿದ್ದು. ನಾನು ಶುರು ಮಾಡ್ದೆ, ಅವಳು ಮುಗಿಸಿದ್ಲು."

ತಮ್ಮ ಒರೆಸುವುದನ್ನು ಬಿಟ್ಟ. "ನಂಗೆ ಯಾಕೆ ಹೇಳ್ಲಿಲ್ಲ?" ಎಂದ.

"ಹೇಳಿದ್ನಲ್ಲ ಈಗ" ಎಂದು ಅಕ್ಕ ಅವನ ಅಂಗಿಯ ಒದ್ದೆ ತೋಳನ್ನು ಕೈಯಿಂದ ನೀವಿ ನೆಟ್ಟಗೆ ಮಾಡಿದಳು.

ರೇಡಿಯೋದ ಹುಡುಗಿ ಲ್ಯಾಪ್‌ಟಾಪ್ ಮತ್ತು ಅರ್ಜಿ ಹಿಡಿದು ಬಂದಳು. ಮೇಷ್ಟ್ರು ಅವಳ ಕೈಯಿಂದ ಅರ್ಜಿ ತೆಗೆದುಕೊಂಡು, ರಾಗ ಎಂಬಲ್ಲಿದ್ದ ತನ್ನ ಹೆಸರನ್ನು ಹೊಡೆದುಹಾಕಿ, ಅಮ್ಮನ ಹೆಸರನ್ನು ದಪ್ಪಕ್ಷರದಲ್ಲಿ ಬರೆದ.

"ಇನ್ನೊಂದು ಕೇಳ್ಬೇಕಿತ್ತು ಸರ್" ಎಂದಳು ಹುಡುಗಿ. "ಹಾಡನ್ನ ಟೈಪ್ ಮಾಡಿ ಇಡ್ಬೇಕು. ಆ ಮೂರನೇ ಸಾಲಿನ ಪದ ಏನು? ಅಮೃತ ಅಂತ ಏನೋ ಒಂದ್ಸಲ ಕೇಳಿಸ್ತು, ಆಮೇಲೆ ಕೇಳಿಸ್ಲೇ ಇಲ್ಲ."

ಅಕ್ಕ ತಮ್ಮನ ಕಡೆ ನೋಡಿದಳು. ಹೋಗಿ ಬರುತ್ತಿದ್ದ ಶಾಲೆ ಮಕ್ಕಳ ಅಪ್ಪ ಅಮ್ಮಂದಿರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಮೇಷ್ಟ್ರು ಹೇಳಿದ:

"ಅಲ್ಲಿ ಪದ ಇಲ್ಲಮ್ಮ. ನಮ್ಮಮ್ಮ ಇಸ್ತ್ರಿ ಮಾಡ್ತಿದ್ರು, ಬಾಯಲ್ಲಿ ನೀರಿತ್ತು. ಹಂಗೇ ಬರ್ಕೋ."