ಸೀರೆ ಉಟ್ಟ ಮೀನು

ಮೂಗುತಿ ಮಿಂಚಿತು, ಚಪ್ಪರದ ತೂತಿನಿಂದ ಬಿಸಿಲು ಬಿದ್ದು ಮೀನಿನ ಮೂಗುತಿ ಮಿಂಚಿತು, ಮೀನಿಗೆ ಮೂಗು ಎಲ್ಲಿಂದ ಬಂತು, ಆದರೂ ಚುಚ್ಚಿದ್ದಾರೆ, ಕೆಂಪು ಸೀರೆ ಉಡಿಸಿದ್ದಾರೆ, ಸೆರಗು ಹೊದಿಸಿದ್ದಾರೆ, ಕಣ್ಣಿಗೆ ಒಂದು ಕರಿ ಒಣದ್ರಾಕ್ಷಿ — ಅದು ನನ್ನನ್ನೇ ನೋಡುತ್ತಿದೆ. ನಿಜದ ಮೀನಲ್ಲ, ಹಾಲು ಒಡೆಸಿ ಸಕ್ಕರೆ ಹಾಕಿ ತಿದ್ದಿದ ಮಿಠಾಯಿ, ಕಲಕತ್ತಾದ ಬೀಗರು ಮಗಳು ತೃಪ್ತಿಯ ಅರಿಷಿಣಕ್ಕೆ ಕಳಿಸಿದ್ದು, ಅವರ ಪದ್ಧತಿಯಲ್ಲಿ ಮದುಮಗಳ ಮನೆಗೆ ಸಿಂಗರಿಸಿದ ಮೀನು ಬರಲೇಬೇಕಂತೆ, ನಾವು ಜೈನರೆಂದು ಮಿಠಾಯಿಯದು ಮಾಡಿಸಿದರಂತೆ, ವರನ ಸೋದರಮಾವ ನಿಮಾಯಿಬಾಬು ವಿಮಾನದಲ್ಲಿ ತೊಡೆಯ ಮೇಲಿಂದ ಇಳಿಸದೆ ಪುಣೆಗೆ ತಂದು, ಅಲ್ಲಿಂದ ಕಾರಿನಲ್ಲಿ ಗಡಿಯ ಕೊಗನೊಳ್ಳಿ ದಾಟಿಸಿ ನಮ್ಮೂರು ಭೋಜಕ್ಕೆ ಮುಟ್ಟಿಸಿದರು, ಮುಟ್ಟಿಸಿ ನನ್ನ ಕೈಗೆ ಚಾಕು ಕೊಟ್ಟರು. ಪಹಲೇ ಬಾಪ ಕಾಟೇಗಾ, ಎಂದರು ತಮ್ಮ ಹರಕು ಹಿಂದಿಯಲ್ಲಿ, ಮದುಮಗಳ ಅಪ್ಪ ಮೊದಲು ಕೊಯ್ಯಬೇಕು, ಆಗಲೇ ಸಂಬಂಧ ಒಪ್ಪಿದಂತೆ. ಪಕ್ಕದ ಮನೆಯ ಸಕ್ಕುಬಾಯಿ ಬಾಯಿಗೆ ಸೆರಗು ಒತ್ತಿಕೊಂಡು, ಮೀನಿಗೆ ಮೂಗುತಿ ಇಟ್ಟಾರ ನೋಡ ಬೇ, ನನ್ನ ಗಂಡ ಇನ್ನೂ ನನಗ ಮಾಡಿಸಿಲ್ಲ, ಎಂದಳು. ಎಲ್ಲರೂ ನಕ್ಕರು, ಅವ್ವ ನಗಲಿಲ್ಲ. ಅವ್ವ ಕಾಶಿಬಾಯಿ ಕಂಬಕ್ಕೆ ಒರಗಿ ಕುಳಿತಿದ್ದಾಳೆ, ಮಡಿಲಲ್ಲಿ ಅಕ್ಷತೆಯ ತಟ್ಟೆ, ಧರಣೂ, ನೀ ಅದಕ್ಕ ಚಾಕು ಹಚ್ಚಿದಿ ಅಂದ್ರ ನಾ ಮೊಮ್ಮಗಳಿಗೆ ಅಕ್ಷತಾ ಹಾಕಂಗಿಲ್ಲ, ಮುಗೀತು. ಮಿಠಾಯಿ ಐತಿ ಅವ್ವಾ. ಮಿಠಾಯಿ ಇರ್ಲಿ, ಮಣ್ಣ ಇರ್ಲಿ, ಮೀನ ಅಂತ ಮನಸ್ಸಿನ್ಯಾಗ ಅಂದಿ, ಮ್ಯಾಲ ಚಾಕು ಇಟ್ಟಿ, ಅಲ್ಲಿಗೆ ಕೊಂದಂಗ ಆತು. ಗೊತ್ತು ನನಗೆ, ಸಣ್ಣವನಿದ್ದಾಗ ನಿಪ್ಪಾಣಿ ಬಜಾರಿನಲ್ಲಿ ಸಕ್ಕರೆಯ ಆನೆ ಬೇಕೆಂದು ಅತ್ತಾಗಲೂ ಅವ್ವನದು ಇದೇ ಮಾತು, ಆನಿ ತಿಂತಿ ಏನಲೇ, ಹೊಟ್ಟ್ಯಾಗ ಘೀಳಿಟ್ಟೀತು — ನಮ್ಮ ಮನೆಯಲ್ಲಿ ಪ್ರಾಣಿಯ ಆಕಾರದ್ದು ಏನೂ ಬಾಯಿಗೆ ಹೋಗುವುದಿಲ್ಲ.

ಸಿಟ್ಟು ನೆತ್ತಿಗೇರುತ್ತದೆ, ಯಾರ ಮೇಲೆ ಎಂದು ತಿಳಿಯದು, ಬ್ಯಾಂಕಿನವರು ತೃಪ್ತಿಯನ್ನು ಕೆಲಸಕ್ಕೆಂದು ಆ ಊರಿಗೆ ಹಾಕದಿದ್ದರೆ, ಅವಳು ಅಲ್ಲಿನ ಹುಡುಗನನ್ನು ಮೆಚ್ಚದಿದ್ದರೆ ಇದೆಲ್ಲ ಇರುತ್ತಿರಲಿಲ್ಲ, ಹೋದ ಚಳಿಗಾಲ ವರನ ಮನೆ ನೋಡಲು ಹೋದೆನಲ್ಲ, ಸಂಬಂಧ ಬೇಡ ಎಂದು ಬಾಯಿ ಮಾಡಿ ಬರುವ ಹುರುಪಿನಲ್ಲೇ ಹೋದೆ, ಹಸಿರು ಕಿಟಕಿಗಳ ದೊಡ್ಡ ಮನೆ, ಗೋಡೆಯ ಬಿರುಕಿನಲ್ಲಿ ಅರಳಿ ಗಿಡ, ಅವರ ಮುತ್ತಜ್ಜ ಇಂಗ್ರೇಜ ಸೆಣಬಿನ ವ್ಯಾಪಾರಿಯ ಕಚೇರಿಯಲ್ಲಿ ಕಾರಕೂನನಂತೆ, ನಿಮಾಯಿಬಾಬು ಟ್ರಾಮಿನಲ್ಲಿ ಕೂರಿಸಿಕೊಂಡು ಲಾಟಸಾಹೇಬನ ಬಂಗಲೆ, ಅಂಚೆ ಕಚೇರಿಯ ಬಿಳಿ ಗುಮ್ಮಟ ತೋರಿಸುತ್ತ, ಇಡೀ ಹಿಂದುಸ್ತಾನಕ್ಕೆ ಹುಕುಂ ಇಲ್ಲಿಂದ ಹೋಗುತ್ತಿತ್ತು ಎಂದು ಒಂದೇ ಸಮನೆ — ರಾಜಧಾನಿ ದಿಲ್ಲಿಗೆ ಹೋಗಿ ನೂರು ವರ್ಷದ ಮೇಲಾತಲ್ರಿ, ಇನ್ನೂ ಎಷ್ಟು ದಿನ ಆ ರುಮಾಲು ತಲೀ ಮ್ಯಾಲ, ಎಂದೆ, ಹಿಂದಿಯಲ್ಲಿ ಅಷ್ಟು ಬಂತೋ ಇಲ್ಲವೋ, ಅವರು ನಕ್ಕರು. ನಮ್ಮ ಭೋಜಕ್ಕೆ ಹುಕುಂ ಮೊದಲು ಮುಂಬಯಿಯಿಂದ ಬರುತ್ತಿತ್ತು, ಈಗ ಬೆಂಗಳೂರಿನಿಂದ, ಹೊಲದಲ್ಲಿನ ತಂಬಾಕಿಗೆ ಎರಡೂ ಒಂದೇ. ಅಮೃತಶಿಲೆಯ ಮಹಲಿನ ಮುಂದೆ ಇಂಗ್ರೇಜರ ಕಂಚಿನ ರಾಣಿ, ತಲೆಯ ಮೇಲೆ ಕಾಗೆ, ಕೆಳಗೆ ಜನ ಚುರುಮುರಿ ತಿನ್ನುತ್ತಿದ್ದರು, ನಮ್ಮ ರಕ್ತ ಕುಡದಾಕಿಗೆ ಗುಡಿ ಕಟ್ಟೀರೇನ್ರಿ ಎಂದು ಅಲ್ಲೇ ಜೋರು ಮಾಡಿದೆ, ರಾಣಿ ಹೋದಳು, ಹುಲ್ಲು ನಮ್ಮದಾಯಿತು, ಬೈಠಿಯೇ, ಎಂದು ಕೂರಲು ಜಾಗ ತೋರಿಸಿದರು ನಿಮಾಯಿಬಾಬು. ಮನುಷ್ಯನೇ ಎತ್ತಾಗಿ ಎಳೆಯುವ ರಿಕ್ಷಾ, ನಾನು ಹತ್ತಲಿಲ್ಲ, ಬಾಡಿಗೆ ತಪ್ಪಿತೆಂದು ಎಳೆಯುವವನು ಬೈದ. ಆಮೇಲೆ ಮೀನಿನ ಪೇಟೆ, ಮೂಗಿಗೆ ಟವೆಲು ಹಿಡಿದೆ, ಕಣ್ಣಿಗೆ ಹಿಡಿಯಲಿಲ್ಲ, ತಲೆ ಬೇರೆಯಾಗಿ ಬಿದ್ದರೂ ಕಣ್ಣು ನೋಡುತ್ತಲೇ ಇತ್ತು, ರೆಪ್ಪೆಯಿಲ್ಲದ ಕಣ್ಣು. ಆದರೆ ವರನ ತಾಯಿ ನನಗಾಗಿ ಹೊಸ ಪಾತ್ರೆ ತಂದಿದ್ದಳು, ನಾನಿದ್ದಷ್ಟು ದಿನ ಆ ಮನೆಯ ಹೊಸ್ತಿಲೊಳಗೆ ಮೀನು ಬರಲಿಲ್ಲ, ನಮ್ಮ ಪದ್ಧತಿಯಂತೆ ಹೊತ್ತು ಮುಳುಗುವ ಮೊದಲೇ ಬಡಿಸಿ ಬಾಗಿಲಲ್ಲಿ ನಿಂತು ಕಾಯುತ್ತಿದ್ದಳು, ಬೇಡ ಎನ್ನಲು ಹೋದವನು ಹೂಂ ಎಂದು ಬಂದೆ.

ಅಪ್ಪಾ — ತೃಪ್ತಿ, ಮುಖವೆಲ್ಲ ಅರಿಷಿಣ — ಅಜ್ಜಿ ಬ್ಯಾಡಂದ್ರ ಬಿಡ್ರಿ, ನಾ ಅವರಿಗೆ ಹೇಳ್ತೀನಿ. ಏನ ಹೇಳ್ತಿ. ಹೇಳ್ತೀನ್ರಿ, ಏನರ ಒಂದ. ಹೇಳಿದರೆ ನಿಮಾಯಿಬಾಬು ನಗುತ್ತಾರೆ, ಮತ್ತೆ ತೊಡೆಯ ಮೇಲಿಟ್ಟುಕೊಂಡು ಒಯ್ಯುತ್ತಾರೆ, ಆ ತಾಯಿ ಮುಚ್ಚಳ ತೆಗೆದು ಕೊಯ್ಯದ ಮೀನು ನೋಡುತ್ತಾಳೆ, ನನ್ನ ಮಗಳು ಅವಳೆದುರು ದಿನಾ ಊಟಕ್ಕೆ ಕೂರಬೇಕು. ಕೊಯ್ದರೆ ಅವ್ವ — ಅವ್ವ ಅಂದರೆ ಅಂದದ್ದೇ, ಅಪ್ಪ ತೀರಿದಾಗ ಬಿಟ್ಟ ಬೆಲ್ಲ ಇವತ್ತಿಗೂ ಮುಟ್ಟಿಲ್ಲ. ಕಬ್ಬಿಗೆ ಔಷಧ ಹೊಡಿವಾಗ ಎಷ್ಟ ಹುಳ ಸಾಯ್ತಾವ ಅವ್ವಾ, ಆವಾಗ ಬಾಗಿಲ ಹಾಕ್ಕೊಂಡು ಣಮೋಕಾರ ಮಂತ್ರ ಹೇಳ್ತಿ, ಇವತ್ತೂ ಹೇಳು, ಎಂದು ಕೂಗಿಬಿಡಲೇ. ಮೀನಿನ ಸೆರಗು ಸರಿಸಿದೆ, ಯಾರದೋ ಹೆಂಗಸಿನ ಸೆರಗಿಗೆ ಕೈ ಹಾಕಿದಂತೆ ನಾಚಿಕೆ, ಚಾಕು ಇಟ್ಟೆ, ಒತ್ತಲಿಲ್ಲ, ಒತ್ತಿದೆನೋ, ಮೂಳೆಯಿಲ್ಲ, ಸುಮ್ಮನೆ ಇಳಿಯಿತು, ಏಲಕ್ಕಿಯ ವಾಸನೆ, ನಿಮಾಯಿಬಾಬು ಜೊತೆ ಬಂದಿದ್ದ ಬೀಗರ ಹೆಂಗಸರು ಶುಭವೆಂದು ನಾಲಿಗೆ ಆಡಿಸಿ ಉಲೂಲೂ ಎಂದು ಕೂಗಿದರು, ನಿಮಾಯಿಬಾಬು ನನ್ನನ್ನು ತಬ್ಬಿದರು, ಹಿಂದೆ ಅಕ್ಷತೆಯ ತಟ್ಟೆ ಕಲ್ಲಿನ ಮೇಲೆ ಇಟ್ಟ ಸಪ್ಪಳ, ಅವ್ವ ಎದ್ದಳು, ತೃಪ್ತಿ ಅಜ್ಜೀ ಎಂದಳು, ಹೆಜ್ಜೆ ನಿಲ್ಲಲಿಲ್ಲ, ತಿರುಗಿ ನೋಡಲೇ, ನೋಡಬಾರದು, ಮೀನಿನ ತಲೆ ಬೇರೆಯಾಗಿ ಪಕ್ಕಕ್ಕೆ ವಾಲಿದೆ, ಕಣ್ಣು ನೋಡುತ್ತಿದೆ, ಒಣದ್ರಾಕ್ಷಿ, ಬರೀ ಒಣದ್ರಾಕ್ಷಿ, ನೋಡುತ್ತಲೇ ಇದೆ, ರೆಪ್ಪೆಯಿಲ್ಲದ —